ಎಂಟು ಕಚೇರಿಗಳ ಪಟ್ಟಿ

ಶೇಖರನಿಗೆ ಕುಂದಾಪುರ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರಿನ ಸಂಗೀತ ಸಭೆಗೆ ಹನ್ನೊಂದು ವರ್ಷದಿಂದ ಅವನೇ ಕಾರ್ಯದರ್ಶಿ. ಕಲಾವಿದರಿಗೆ ಕಾಗದ ಬರೆಯುವುದು, ಬಸ್ ಸ್ಟ್ಯಾಂಡಿನಿಂದ ಕರೆತರುವುದು, ತಂಬೂರಿ ಶ್ರುತಿ ಮಾಡುವುದು ಎಲ್ಲ ಅವನೇ. ಇಷ್ಟು ಒಳ್ಳೆಯ ಕಿವಿ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ "ರೇಡಿಯೋ ಕೇಳಿ ಕೇಳಿ" ಎನ್ನುತ್ತಿದ್ದ.

ಅದು ಸುಳ್ಳು. ಅವನ ಅಪ್ಪ ಗುರುವ ಬೈಂದೂರಿನ ಆಚೆ ಒಂದು ದೇವಸ್ಥಾನದಲ್ಲಿ ನಲವತ್ತು ವರ್ಷ ನಾಗಸ್ವರ ಊದಿದವರು, ಕೊನೆಕೊನೆಗೆ ಸ್ಯಾಕ್ಸೋಫೋನ್ ಹಿಡಿದವರು. ಮಗನಿಗೂ ಕಲಿಸಿದ್ದರು. ಹದಿನಾರರ ಪ್ರಾಯದಲ್ಲಿ ಶೇಖರ ಒಂದು ದಿಬ್ಬಣದ ಮುಂದೆ ಊದುತ್ತ ನಡೆಯುವಾಗ ಕಾಲೇಜಿನ ಗೆಳೆಯರು ಕಂಡು ನಕ್ಕರು. ಊಟಕ್ಕೆ ವಾದ್ಯದವರನ್ನು ಬೇರೆಯೇ ಕೂರಿಸಿದ್ದನ್ನೂ ಅವರು ನೋಡಿದರು. ಅವತ್ತಿನಿಂದ ಅವನು ವಾದ್ಯ ಮುಟ್ಟಲಿಲ್ಲ. ಅವನು ಕೆಳಗಿಟ್ಟದ್ದನ್ನು ಅಕ್ಕ ಪುಷ್ಪ ಎತ್ತಿಕೊಂಡಳು. ಹೆಣ್ಣು ಊದುವುದುಂಟಾ ಎಂದವರ ಮನೆಯ ಮದುವೆಗಳಲ್ಲೇ ಊದಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದಳು. ತಮ್ಮನೋ ಸಭೆಯ ಕಾರ್ಡುಗಳಲ್ಲಿ ಮನೆತನದ ಹೆಸರು ಬಿಟ್ಟು ಬರೀ 'ಬಿ. ಶೇಖರ' ಎಂದು ಹಾಕಿಸಿಕೊಂಡ.

೨೦೦೬ರ ಆಗಸ್ಟಿನಲ್ಲಿ ಸಮಿತಿ ಸೇರಿತು. ಅಕ್ಟೋಬರಿನಿಂದ ಮೇವರೆಗೆ ತಿಂಗಳಿಗೊಂದರಂತೆ ಎಂಟು ಕಚೇರಿ. ಏಳು ಗೊತ್ತಾಗಿದ್ದವು. ಮೊದಲನೆಯದಕ್ಕೆ ಒಪ್ಪಿದ್ದ ಧಾರವಾಡದ ಗಾಯಕರು ಮಾತ್ರ ಬರಲಾಗುವುದಿಲ್ಲ ಎಂದು ಬರೆದಿದ್ದರು. ಅಧ್ಯಕ್ಷರಾದ ವಕೀಲ ರತ್ನಾಕರರು ಶೇಖರನ ಕಡೆ ತಿರುಗಿ ಮುಗುಳ್ನಕ್ಕರು.

"ಹ್ವಾಯ್, ಮೊನ್ನೆ ಬ್ರಹ್ಮಾವರದ ಒಂದ್ ಮದಿ ಮಂಟಪದಂಗೆ ಒಬ್ರ್ ಹೆಂಗ್ಸ್ ಸ್ಯಾಕ್ಸೋಫೋನ್ ಊದ್ತಿದ್ರ್ ಮಾರಾಯ್ರೆ. ಆ ಕಲ್ಯಾಣಿ ಕೇಂಡ್ ನಂಗೆ ಊಟಕ್ಕೆ ಹೋಪುಕೇ ಮನ್ಸ್ ಬರ್ಲಿಲ್ಲೆ. ಪುಷ್ಪ ಅಂದೇಳಿ. ನಿಮ್ಗೆ ಗೊತ್ತಿತ್ತಾ?"

ಸುತ್ತ ಡಾಕ್ಟರು, ಲೆಕ್ಚರರು, ಬ್ಯಾಂಕಿನವರು. ಎಲ್ಲರೂ ಶೇಖರನನ್ನೇ ನೋಡುತ್ತಿದ್ದರು.

"ಗೊತ್ತಿಲ್ಲೆ" ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಮದಿಯಂಗೆ ಊದುವರ್ ಅಲ್ದಾ? ಕೂಕಂಡ್ ಎರಡ್ ಗಂಟೆ ಕಚೇರಿ ಮಾಡುಕೆ ಅವ್ರಿಂದ ಆತ್ತಾ?"

ರತ್ನಾಕರರ ನಗು ಆರಿತು. ಉಡುಪಿಯ ಒಬ್ಬ ಕೊಳಲುವಾದಕರ ಹೆಸರು ಬಂತು, ಎಲ್ಲರೂ ಒಪ್ಪಿದರು. ಶೇಖರನೇ ಅದನ್ನು ಪಟ್ಟಿಗೆ ಬರೆದುಕೊಂಡ.

ಮೆಟ್ಟಿಲಿಳಿಯುವಾಗ ರತ್ನಾಕರರು ಅವನ ಭುಜ ಮುಟ್ಟಿ ಮೆಲ್ಲಗೆ ಹೇಳಿದರು. "ಅವ್ರ್ ನಿಮ್ಮಕ್ಕ ಅಂದೇಳಿ ಅವ್ರೇ ಹೇಳಿದ್ರ್. ನಮ್ ಸಭೆಯಂಗೆ ಊದ್ತ್ರ್ಯಾ ಕೇಂಡದ್ದಕ್ಕೆ, 'ನನ್ ತಮ್ಮನೇ ಇದ್ದ ಅಲ್ಲಿ' ಅಂದ್ರ್. ಖುಷಿಯಂಗೆ ಅಂದ್ರ್. ನಿಮ್ಗೂ ಖುಷಿ ಆತ್ತ್ ಅಂದ್ಕಂಡೆ."

ಬೈದಿದ್ದರೆ ಶೇಖರ ತಡೆದುಕೊಳ್ಳುತ್ತಿದ್ದನೇನೋ. ಆ ಸಮಾಧಾನದ ದನಿಗೆ ತಲೆಯೆತ್ತಲಾಗಲಿಲ್ಲ.

ಒಂಬತ್ತು ದಿನ ಬಿಟ್ಟು ಬ್ರಹ್ಮಾವರದ ಬಸ್ಸು ಹತ್ತಿದ. ಅಕ್ಕನ ಮನೆಯ ಜಗಲಿಯಲ್ಲಿ ಚಾಪೆ ಹಾಸಿತ್ತು, ಮೇಲೆ ಶ್ರುತಿಪೆಟ್ಟಿಗೆ. ನಿಂತು ಊದಿ ಅಭ್ಯಾಸವಾದವಳು ಈಗ ಕೂತು ಊದುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

"ಪಟ್ಟಿ ಆಯ್ತನಾ?" ಎಂದಳು. "ಯಾವ್ ದಿನ? ಮೃದಂಗಕ್ಕೆ ಪಾಂಡುಗೆ ಹೇಳಿಟ್ಟಿದೆ."

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಸಮಿತಿಯವರು ಒಪ್ಪಲಿಲ್ಲ ಎಂದರೆ ಮುಗಿಯುತ್ತಿತ್ತು. ಅಪ್ಪ ಕಲಿಸಿದ ವರ್ಣದ ಸ್ವರಗಳನ್ನು ಅವಳು ಮಗಳ ಹಳೆಯ ನೋಟ್ ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದು ಕಣ್ಣಿಗೆ ಬಿತ್ತು.

"ನಾನೇ ಬ್ಯಾಡ ಅಂದೆ ಅಕ್ಕ. ಗೊತ್ತೇ ಇಲ್ಲೆ ಅಂದೆ."

ಅವಳು ನೋಟ್ ಬುಕ್ಕು ಮುಚ್ಚಿದಳು. "ನನ್ ಊದುದ್ ಸಮ ಇಲ್ಲ್ಯಾ?"

"ಹಾಂಗಲ್ಲ."

"ಹಂಗಾರೆ ನನ್ನ್ ಕಂಡ್ರೆ ನಾಚ್ಕಿ."

ಪುಷ್ಪ ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿ ನಿಲ್ಲಿಸಿದಳು. "ಪಾಂಡುಗೆ ನೀನೇ ಹೋಯಿ ಹೇಳ್. ಅಂವ ಬೇರೆ ಕಡೆ ಒಪ್ಕಣ್ಲಿ. ನಂಗೆ ಹೇಳುಕೆ ಬಾಯಿ ಬತ್ತಿಲ್ಲೆ."

ಹೋಗಿ ಹೇಳಿದ. ಪಾಂಡು ಅಪ್ಪನ ಶಿಷ್ಯ, ಚಿಕ್ಕಂದಿನಲ್ಲಿ ಶೇಖರನ ಪಕ್ಕ ಕೂತು ತಾಳ ಹಾಕಿದವ. ಕೇಳಿಸಿಕೊಂಡು ಮುಖ ನೋಡದೆ ಒಳಗೆ ಹೋದ. ಮುಂದಿನ ಸಮಿತಿಯಲ್ಲಿ ಶೇಖರ ಎದ್ದು ನಿಂತು ತಾನು ಯಾರ ಮಗ, ಪುಷ್ಪ ಯಾರು ಎಂಬುದನ್ನು ಹೇಳಿದ. ಕಾರ್ಯದರ್ಶಿ ಸ್ಥಾನ ಬಿಡುತ್ತೇನೆಂದೂ ಹೇಳಿದ. ಯಾರೂ ಒಪ್ಪಲಿಲ್ಲ, ಅದೂ ಅವನಿಗೆ ಹಿಂಸೆಯೇ ಆಯಿತು.

ಮರುವರ್ಷದ ಪಟ್ಟಿಯಲ್ಲಿ ಪುಷ್ಪಳ ಹೆಸರು ಬಂತು. ಅವಳು ಒಪ್ಪಿದ್ದು ರತ್ನಾಕರರ ಮಾತಿಗೆ. ೨೦೦೮ರ ಜನವರಿಯ ಆ ಸಂಜೆ ಎರಡೂಕಾಲು ಗಂಟೆ ನುಡಿಸಿದಳು, ತೋಡಿ ರಾಗದಲ್ಲೇ ಮುಕ್ಕಾಲು ಗಂಟೆ. ಮೃದಂಗದ ತನಿಯಲ್ಲಿ ಪಾಂಡು ಅವಳ ಮುಖ ನೋಡಿ ನೋಡಿ ನಕ್ಕ. ಶೇಖರ ಬಾಗಿಲ ಹತ್ತಿರ ನಿಂತಿದ್ದ. ಅಪ್ಪ ತೋಡಿಯಲ್ಲಿ ಗಾಂಧಾರವನ್ನು ಹೇಗೆ ತೂಗುತ್ತಿದ್ದರೋ ಹಾಗೆಯೇ ಬಂದಾಗ ಹೊರಗೆ ಹೋಗಿ ಗೋಡೆಗೆ ಒರಗಿದ.

ಕಚೇರಿ ಮುಗಿದ ಮೇಲೆ ಜನ ಅವನ ಕೈ ಕುಲುಕಿದರು. "ಇಂಥ ಅಕ್ಕನ್ನ ಇಟ್ಕಂಡ್ ಇಷ್ಟ್ ವರ್ಷ ಎಂತಕ್ಕೆ ಹೇಳ್ಲಿಲ್ಲೆ ಮಾರಾಯ್ರೆ?" ಎಂದು ಡಾಕ್ಟರು ಬೆನ್ನು ತಟ್ಟಿದರು. ಹೊಗಳಿಕೆಯೆಂದೇ ಅವರು ಅಂದದ್ದು. ಶೇಖರ "ಹೌದ್, ಹೇಳ್ಲಿಲ್ಲೆ" ಎಂದಷ್ಟೇ ಅಂದ.

ಪುಷ್ಪ ವಾದ್ಯ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಹೊರಲು ಅವನು ಕೈ ಚಾಚಿದ.

"ಬ್ಯಾಡ. ನಾನೇ ತಕಂಡ್ ಹೋತೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.