ಹೆಸರು ಹೇಳದೆ ಕೊಟ್ಟ ಕೌದಿಗಳು

ನನ್ನ ತಂಗಿ ತೀರಿಕೊಂಡದ್ದು ಕುಳಗೇರಿ ಕ್ರಾಸಿನಲ್ಲಿ, ಎತ್ತಿನ ಚಕ್ಕಡಿಯೊಳಗೆ, ಬಾದಾಮಿ ಬಸ್ಸಿನ ದಾರಿ ಕಾಯುತ್ತ. ಚೊಚ್ಚಲ ಹೆರಿಗೆಗೆಂದು ಅವಳನ್ನು ಇಳಕಲ್ಲಿಗೆ ಕರೆತರಲು ಅವ್ವ ಹೋಗಿದ್ದಳು. ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ, ಅವಳಿಗೆ ರಕ್ತ ನಿಲ್ಲಲಿಲ್ಲ. ಬಾದಾಮಿಯ ದವಾಖಾನೆಗೆಂದು ಅವ್ವ ಅವಳನ್ನು ಕರೆದುಕೊಂಡು ಹೊರಟಿದ್ದಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಗಷ್ಟೇ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾಗಿ ಸೇರಿದ್ದೆ.

ವರ್ಷ ತುಂಬಿದಾಗ ಅಪ್ಪ ಅವಳ ಹೆಸರಲ್ಲಿ ಊಟ ಹಾಕಿಸೋಣ ಎಂದ. ಅವ್ವ ಬೇಡವೆಂದಳು. ನಮ್ಮ ನೇಕಾರರ ಓಣಿಯಲ್ಲಿ ಮನೆಮನೆ ತಿರುಗಿ ಹಳೆಯ ನೂಲಿನ ಸೀರೆ ಕೇಳಿ ತಂದು, ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಬಾಣಂತಿಯರಿಗೆಂದು ಅರಿವೆ ಹರಿದಿಟ್ಟಳು. ಕೂಸುಗಳಿಗೆ ಸಣ್ಣ ಸಣ್ಣ ಕೌದಿ ಹೊಲಿದಳು. ಅವನ್ನು ಹುನಗುಂದದ ದವಾಖಾನೆಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಗಂಟು ಹೊತ್ತು ಬಸ್ ಹತ್ತುತ್ತಿದ್ದೆ. ಕೂಡಲು ಜಾಗ ಸಿಕ್ಕ ದಿನ ಕಡಿಮೆ.

ಮೂರನೆಯ ವರ್ಷಕ್ಕೆ ಸಾಕಾಗಿಹೋಯಿತು. ಒಂದು ಮಧ್ಯಾಹ್ನ ಅವ್ವನಿಗೆ ಅಂದೇಬಿಟ್ಟೆ: "ಅರಿವಿ ಇದ್ದಿದ್ರ ಅಕಿ ಉಳೀತಿದ್ಳೇನವ್ವಾ?"

ಅವ್ವ ಸೂಜಿ ಬಿಡಲಿಲ್ಲ. "ಉಳೀತಿರಲಿಲ್ಲ. ಆದ್ರ ಥಂಡಿ ಆಗ್ತೈತಿ, ಒಣಾ ಅರಿವಿ ಹಾಕವ್ವಾ ಅಂದ್ಳು. ನನ್ನ ಕಡೆ ಒಂದೂ ಇರಲಿಲ್ಲ."

ಅಲ್ಲಿಯವರೆಗೆ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಂದಿನ ಶನಿವಾರ ನಾನು ಮತ್ತೆ ಬಸ್ ಹತ್ತಿದೆ.

ಒಮ್ಮೆ ದವಾಖಾನೆಯ ನರ್ಸಬಾಯಿ, ಒಳ್ಳೆಯ ಮನಸ್ಸಿನಿಂದಲೇ, ಇವರ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು, ಅವಳ ನೆನಪಿಗೆ ಕೊಡುತ್ತಾರೆ ಎಂದು ಬಾಣಂತಿಯೊಬ್ಬಳ ಅತ್ತೆಗೆ ಹೇಳಿದಳು. ಆ ಮುದುಕಿ ಮೊಮ್ಮಗನ ಮೈಮೇಲಿನ ಕೌದಿ ತೆಗೆದು, ನೀಟಾಗಿ ಮಡಚಿ, ನನ್ನ ಕೈಗಿಟ್ಟಳು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕೋರ. ಹಡ್ಯಾಕ ಹೋಗಿ ಸತ್ತಾಕಿ ಹೆಸರಿಂದು ನಮ್ಮ ಕೂಸಿಗೆ ಬ್ಯಾಡ್ರಿ."

ಪಕ್ಕದ ಮಂಚಗಳವರೂ ತಮಗೆ ಕೊಟ್ಟದ್ದನ್ನು ತಂದಿಟ್ಟರು. ಇಡೀ ಗಂಟು ನನ್ನೊಡನೆ ಇಳಕಲ್ಲಿಗೆ ವಾಪಸ್ ಬಂತು. ಅವ್ವ ಕೇಳಿದಳು, ನಡೆದದ್ದನ್ನು ಹೇಳಿದೆ. ಇನ್ನು ಇದನ್ನು ಬಿಡುತ್ತಾಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಬಿಡಲಿ ಎಂದು ಆಸೆಪಟ್ಟೆ. ಅವಳು ಗಂಟು ಬಿಚ್ಚಿ, ಕೌದಿಗಳನ್ನು ಒಂದೊಂದಾಗಿ ಎಣಿಸಿ, ಮತ್ತೆ ಕಟ್ಟಿದಳು.

"ಅವರದೇನ್ ತಪ್ಪು," ಅಂದಳು ಕೊನೆಗೆ. "ಇನ್ನ ಅಕಿ ಹೆಸರ ತಗೀಬ್ಯಾಡ. ಬ್ಯಾರೆ ಊರಿಗೆ ಒಯ್ಯಿ."

ಹಾಗಾಗಿ ಬಾಗಲಕೋಟೆಗೆ ಹೋಗತೊಡಗಿದೆ. ದಾರಿ ದೂರ, ಧೂಳು ಜಾಸ್ತಿ. ತಿಂಗಳಿಗೊಮ್ಮೆ ಎಂದು ಅವ್ವನನ್ನು ಒಪ್ಪಿಸಿದ್ದೆ. ಅಲ್ಲಿ ಯಾರಾದರೂ ಕೇಳಿದರೆ, ಮನೆಯಲ್ಲಿ ಹಳೆಯ ಸೀರೆ ಬಹಳ ಇದ್ದವು ಎನ್ನುತ್ತಿದ್ದೆ. ಯಾರೂ ಹೆಚ್ಚಿಗೆ ಕೇಳಲಿಲ್ಲ. ಕೌದಿಯಲ್ಲಿ ಸುತ್ತಿದ ಕೂಸುಗಳು ನಿದ್ದೆ ಮಾಡುತ್ತಿದ್ದವು. ಅವ್ವ ಮನೆಯಲ್ಲೂ ತಂಗಿಯ ಹೆಸರೆತ್ತುವುದನ್ನು ಬಿಟ್ಟಳು, ಹೊಲಿಯುವುದನ್ನು ಬಿಡಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅವಳ ಕಣ್ಣು ಮಂದವಾದವು. ಹೊಲಿಗೆ ನಿಂತಿತು. ಒಯ್ಯಲು ಏನೂ ಇಲ್ಲದ ಮೊದಲ ಶನಿವಾರ ಶಾಲೆಯಿಂದ ಬಂದವಳೇ ಉಂಡು ಮಲಗಿದೆ. ಸಂಜೆಯವರೆಗೂ ಎಚ್ಚರವಾಗಲಿಲ್ಲ. ಅವ್ವ ಎಬ್ಬಿಸಲೂ ಇಲ್ಲ.