ಕ್ಯಾಲೊರಿ ಲೆಕ್ಕ ಮತ್ತು ಖಾನಾವಳಿಯ ಎಣ್ಣೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿರಸಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಊರು ಬನವಾಸಿಯ ಕಡೆ. ಶಿರಸಿಯಲ್ಲಿ ಬಾಡಿಗೆ ಕೋಣೆ, ಎದುರಿನ ಖಾನಾವಳಿಯಲ್ಲಿ ಊಟ, ದಿನವಿಡೀ ಕುಳಿತು ಲೆಕ್ಕ ಬರೆಯುವ ಕೆಲಸ. ಮೂರೇ ವರ್ಷದಲ್ಲಿ ಎಷ್ಟು ಊದಿದೆನೆಂದರೆ, ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು. ಹೊಟ್ಟೆಯ ಮಡಿಕೆಯಲ್ಲಿ ಬೆವರು ನಿಂತು ಹುಳಿ ವಾಸನೆ ಬರುತ್ತಿತ್ತು. ಸ್ನಾನ ಮಾಡುವಾಗ ನನ್ನ ಮೈ ಮುಟ್ಟಲು ನನಗೇ ಹೇಸಿಗೆ.

ಮೊಣಕಾಲು ನೋವೆಂದು ಡಾಕ್ಟರ ಬಳಿ ಹೋದೆ. ಅವರ ತೂಕದ ಯಂತ್ರ ಕೆಟ್ಟಿತ್ತು. ಅಡಿಕೆ ಮಳಿಗೆಯಲ್ಲಿ ತೂಗಿಸಿಕೊಂಡು ಬನ್ನಿ ಎಂದರು. ಚೀಲ ತೂಗುವ ತಕ್ಕಡಿಯ ಹಲಗೆಯ ಮೇಲೆ ನಿಂತೆ. ಹಮಾಲನೊಬ್ಬ, “ಇನ್ನೊಂದು ಕಲ್ಲು ತಾರೋ, ಸಾಹೇಬ್ರು ಮ್ಯಾಲ ಏಳವಲ್ರು!” ಎಂದು ಕೂಗಿದ. ಮಳಿಗೆಯ ತುಂಬ ನಗು.

ಡಾಕ್ಟರು ತಿನಿಸುಗಳ ಪಟ್ಟಿ ಬರೆದು, ಒಂದೊಂದರ ಮುಂದೆ ಅದರ ಕ್ಯಾಲೊರಿ ನಮೂದಿಸಿ, ದಿನಕ್ಕೆ ಸಾವಿರದ ಐನೂರು ದಾಟಬಾರದೆಂದರು. ನನಗೆ ಖುಷಿಯಾಯಿತು. ಕೂಡಿಸುವುದು ನನ್ನ ಕಸುಬೇ ಅಲ್ಲವೇ! ಮೊತ್ತ ದಾಟದಿದ್ದರೆ ಏನು ತಿಂದರೇನು ಎಂದುಕೊಂಡು ರೊಟ್ಟಿ, ಪಲ್ಯ, ಮಜ್ಜಿಗೆ ಎಲ್ಲ ಬಿಟ್ಟೆ. ಉಳಿದದ್ದು ಖಾನಾವಳಿಯ ಮೆಣಸಿನಕಾಯಿ ಭಜಿ, ಜಿಲೇಬಿ, ಚಹಾ.

ಹದಿನೈದು ದಿನದಲ್ಲಿ ಬಾಯಿ ಹುಣ್ಣಾಯಿತು. ಮಲ ಕಟ್ಟಿತು. ತೇಗಿದರೆ ಕಮಟು. ಗಳಿಗೆಗೊಮ್ಮೆ ಹಸಿವು, ಆ ಹಸಿವಿಗೆ ಮತ್ತೆ ಭಜಿಯದೇ ಧ್ಯಾನ.

ಒಂದು ಮಧ್ಯಾಹ್ನ ಕೈತೊಳೆಯಲು ನೀರಿಲ್ಲದೆ ಖಾನಾವಳಿಯ ಹಿತ್ತಿಲಿಗೆ ಹೋದೆ. ಮಾಲೀಕ ಡಬ್ಬಿಯಿಂದ ಕೀಲೆಣ್ಣೆಯಷ್ಟು ಕಪ್ಪಾದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದ. ಮೇಜು ಒರೆಸುವ ಬಟ್ಟೆಯೇ ಅದು. ಅದರ ಮೇಲೆ ಕರಿ ಗಸಿಯ ನಡುವೆ ಎರಡು ಜಿರಲೆ, ಕಾಲು ಮಡಚಿ ಗರಿಗರಿಯಾಗಿ ಬಿದ್ದಿದ್ದವು.

“ಎಂದಿನ ಎಣ್ಣಿ ಇದು?” ಎಂದೆ.

“ದೀಪಾವಳಿದ್ರಿ. ಮ್ಯಾಲ ಮ್ಯಾಲ ಹೊಸಾದು ಹಾಕ್ಕೋಂತ ಬಂದೀನಿ. ಕಾದ ಎಣ್ಯಾಗ ಏನೂ ಉಳಿಯಂಗಿಲ್ಲ, ನೀವು ಕುಂದರ್ರಿ ಸಾಹೇಬ್ರ, ಬಿಸೀದು ಕೊಡ್ತೀನಿ.”

ಆಗ ಹೋಳಿ ಸಮೀಪಿಸಿತ್ತು. ಬೇಲಿಯ ಬುಡಕ್ಕೆ ಕುಕ್ಕರಿಸಿ ವಾಂತಿ ಮಾಡಿದೆ. ಬಂದದ್ದೂ ಅದೇ ಕರಿ ಬಣ್ಣದ್ದು.

ಸಂಜೆ ಲೆಕ್ಕದ ಹಾಳೆ ಹಿಡಿದು ಡಾಕ್ಟರ ಮುಂದೆ ಕುಳಿತೆ. ಅವರು ಓದುತ್ತಾ ಓದುತ್ತಾ ಮುಖ ಕಿವುಚಿದರು.

“ಕೂಡಿಸಿದ್ದೇನೋ ಸರಿ ಇದೆ ಮಾರಾಯ್ರೆ. ಇದರಲ್ಲಿ ಊಟ ಎಲ್ಲಿದೆ? ಕ್ಯಾಲೊರಿ ಎಷ್ಟು ಶಕ್ತಿ ಅಂತ ಮಾತ್ರ ಹೇಳ್ತದೆ, ಎಂಥಾ ತಿನಿಸು ಅಂತ ಹೇಳೂದಿಲ್ಲ. ಜಿಲೇಬಿ ತಿಂದ್ರೆ ಗಂಟೆಯೊಳಗೆ ಹಸಿವು. ಅಷ್ಟೇ ಕ್ಯಾಲೊರಿಯ ಹೆಸರುಕಾಳು ತಿಂದು ನೋಡಿ.”

“ತೂಕ ಎರಡು ರತ್ತಲು ಇಳದೈತ್ರಿ,” ಎಂದೆ.

“ಜ್ವರ ಬಂದ್ರೂ ಇಳೀತದೆ,” ಎಂದರು.

ಸೀಮೆಎಣ್ಣೆ ಸ್ಟವ್ ಕೊಂಡೆ. ಬೇಯಿಸಿದ ಹೆಸರುಕಾಳು, ಹರಿವೆ ಸೊಪ್ಪು, ಊರಿನಿಂದ ಅವ್ವ ಒಣಗಿಸಿ ಕಳಿಸಿದ ಕಟಕಲು ರೊಟ್ಟಿ, ನೀರು ಮಜ್ಜಿಗೆ. ಹಾಳೆಯ ಲೆಕ್ಕ ಬಿಡಲಿಲ್ಲ, ಆದರೆ ಮೊತ್ತ ತಲುಪುವ ಮೊದಲೇ ಹೊಟ್ಟೆ ತುಂಬುತ್ತಿತ್ತು.

ಇಷ್ಟಾಗಿಯೂ ಒಂದು ಸಂಗತಿ ಮುಚ್ಚಿಡಲಾರೆ. ತಿಂಗಳು ತುಂಬುವುದರೊಳಗೆ, ಮಳೆ ಹನಿಯುತ್ತಿದ್ದ ಒಂದು ಸಂಜೆ, ಅದೇ ಖಾನಾವಳಿಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತು ನಾಲ್ಕು ಭಜಿ ತಿಂದೆ. ಜಿರಲೆ ನೆನಪಿತ್ತು. ಆದರೂ ತಿಂದೆ, ಬೆರಳನ್ನೂ ನೆಕ್ಕಿದೆ. ಮಾಲೀಕನ ಮೇಲಿನ ಹೇಸಿಗೆ ಎಂದೋ ಹೋಯಿತು. ಆ ಬೆರಳು ನೆಕ್ಕಿದ್ದರ ಹೇಸಿಗೆ ಇಂದಿಗೂ ಹೋಗಿಲ್ಲ.

ಮತ್ತೆ ಹೋಗಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಪ್ಯಾಂಟು, ಅಂಗಿ ಎಲ್ಲ ಸಡಿಲವಾಗಿದ್ದವು. ಊರಿಗೆ ಹೋದಾಗ ಅವ್ವ ನನ್ನ ಮುಂಗೈ ಹಿಡಿದು ನೋಡಿ, “ಯಾವ ಬ್ಯಾನಿ ಹತ್ತೇತೋ ನಿನಗ?” ಎಂದು ಕಣ್ಣೀರು ಹಾಕಿದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಅವಳು ಬಡಿಸಿದ್ದ ಬಿಸಿ ರೊಟ್ಟಿ ಆರಿಹೋಗಿತ್ತು.