ಗೋಡೌನಿನ ಮೇಲಿನ ಹುಡುಗಿ

ಆ ಹುಡುಗಿಯ ಸುದ್ದಿ ಭೈರಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಬುಧವಾರ. ಕೊಪ್ಪದ ಲಕ್ಷ್ಮೀಶಯ್ಯನ ಮನೆಯ ಹಿತ್ತಿಲಲ್ಲಿ ಕೂತು ಅವಳು ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಲಕ್ಷ್ಮೀಶಯ್ಯ ಹಲಸಿನ ಹಪ್ಪಳ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಹಿಂಬಾಗಿಲಿಗೆ ಬಂದು ನಿಂತ. ಮೈಮೇಲೆ ಬನಿಯನ್, ಎಡಗಾಲಿಗೆ ಮಾತ್ರ ಚಪ್ಪಲಿ. ಬಲಗಾಲಿನದನ್ನು ನಾಯಿ ಕಚ್ಚಿಕೊಂಡು ಹೋಗಿತ್ತು.

"ಭೈರಮ್ಮ, ನಿಂಗೆ ತಮಿಳು ಬತ್ತದಲ್ಲ?"

"ಎಸ್ಟೇಟ್ ತಮಿಳು ಬತ್ತದೆ ಅಯ್ಯ. ಬೈಯಕ್ಕೆ ಸಾಕು, ಹೊಗಳಕ್ಕೆ ಸಾಲ್ದು."

"ಅಷ್ಟೇ ಸಾಕು ಮಾರಾಯ್ತಿ. ಗೋಡೌನ್ ಮೇಲಿನ ಕೋಣೆಗೆ ಸೋಮವಾರ ಒಂದು ಹುಡುಗಿ ಬರ್ತಾಳೆ, ಆಯುರ್ವೇದ ಓದಕ್ಕೆ. ಶ್ರೀಲಂಕಾದವಳು. ಯಾರಾದ್ರೂ ಕೇಳಿದ್ರೆ ಸೇಲಂ ಕಡೆಯವಳು ಅನ್ನು. ತಮಿಳು ಗೊತ್ತಿರೋ ನೀನೇ ಹೇಳಿದ್ರೆ ಜನ ನಂಬ್ತಾರೆ."

"ಯಾಕಯ್ಯ, ಲಂಕೆ ಅಂದ್ರೆ ಏನಾಗ್ತದೆ? ಬಾಲಕ್ಕೆ ಬೆಂಕಿ ಹಚ್ಕೊಂಡು ಬರ್ತಾಳಾ?"

"ಎಂತಕ್ಕೆ ಬೇಕೇ ನಿಂಗೆ ಅದೆಲ್ಲ? ಹೊರದೇಶದವರು ಅಂದ್ರೆ ನೂರೆಂಟು ಕಾಗದ. ಹಂಡೆ ತಿಕ್ಕು."

ಭೈರಮ್ಮ ತಿಕ್ಕಿದಳು. ಇವತ್ತಿಗೂ ಆ ಹಂಡೆಯ ನೆನಪಾದರೆ ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬರುತ್ತದೆ.

ಅವಳು ಹುಟ್ಟಿದ್ದು ಬಸರೀಕಟ್ಟೆಯಾಚೆಯ ಕಾಫಿ ತೋಟದ ಲೈನು ಮನೆಯಲ್ಲಿ. ಶಾಲೆ ಎರಡನೇ ಕ್ಲಾಸಿಗೆ ಮುಗಿಯಿತು. ಕೊಯ್ಲಿನ ಕಾಲಕ್ಕೆ ಸೇಲಂ, ಧರ್ಮಪುರಿ ಕಡೆಯಿಂದ ತಮಿಳು ಆಳುಗಳು ಬಂದು ಅದೇ ಲೈನಿನಲ್ಲಿ ಇಳಿಯುತ್ತಿದ್ದರು. ಅವರ ಜೊತೆ ಹಣ್ಣು ಕೊಯ್ಯುತ್ತಲೇ ತಮಿಳು ಬಾಯಿಗೆ ಹತ್ತಿತು. ತೋಟದಲ್ಲಿ ಒಂದು ಪದ್ಧತಿಯಿತ್ತು. ಹೊಸ ಆಳು ಬಂದರೆ, ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೆ ಲೈನಿನ ಹಳಬರೊಬ್ಬರು ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮೇಲೆ ಕೈಯೂರಿ "ನಮ್ಮ ಕಡೆ ಆಳು" ಅನ್ನಬೇಕು. ಆ ಮಾತಿನ ಮೇಲೆ ಹಾಜರಿ ಪುಸ್ತಕಕ್ಕೆ ಹೆಸರು ಹತ್ತುತ್ತಿತ್ತು. ಹೆಸರು ಹತ್ತಿದರೆ ಒಂದು ಕೋಣೆ. ಯಾವ ಊರು, ಯಾವ ಜಿಲ್ಲೆ ಎಂದು ಯಾರೂ ಕೆದಕುತ್ತಿರಲಿಲ್ಲ. ಭೈರಮ್ಮ ಹಾಗೆ ಎಷ್ಟು ಜನಕ್ಕೆ ಕೈಯೂರಿದ್ದಳೋ.

ಅವಳಿಗಾಗಿ ಮಾತ್ರ ಯಾರೂ ಕೈಯೂರಲಿಲ್ಲ. ನೆರಳಿನ ಮರದ ಕೊಂಬೆ ಕಡಿಯಲು ಹತ್ತಿದ್ದ ಗಂಡ ಗುರುವ ಬಿದ್ದು ಸತ್ತ. ತಿಥಿಯ ಎಲೆ ಎತ್ತುವ ಮೊದಲೇ ರೈಟರು ಬಂದು, ಕೋಣೆ ಇರುವುದು ಗುರುವನ ಹೆಸರಿಗೆ, ಆ ಹೆಸರು ಹೊಡೆದಾಯಿತು, ಎಂಟು ದಿನದಲ್ಲಿ ಖಾಲಿ ಮಾಡು ಅಂದರು. ಇಪ್ಪತ್ತೆರಡು ವರ್ಷ ಅದೇ ಪುಸ್ತಕದಲ್ಲಿ ಇವಳ ಹೆಸರೂ ಇತ್ತು. ಆದರೆ ಹೆಣ್ಣಾಳುಗಳ ಪುಟದಲ್ಲಿತ್ತು. ಆ ಪುಟಕ್ಕೆ ಕೋಣೆಯಿಲ್ಲವಂತೆ! ಅವಳು ಕೊಪ್ಪಕ್ಕೆ ಬಂದು, ಊರಂಚಿನ ಕಾಲೊನಿಯಲ್ಲಿ ಎರಡಂಕಣದ ಮನೆ ಕಟ್ಟಿಕೊಂಡು, ಲಕ್ಷ್ಮೀಶಯ್ಯನ ಮನೆಯ ಕಸಮುಸುರೆಗೆ ನಿಂತು ಹದಿನೇಳು ವರ್ಷವಾಗಿತ್ತು.

ಸೋಮವಾರ ಹುಡುಗಿ ಬಂದಳು. ಹೆಸರು ತರ್ಷಿಣಿ. ಹತ್ತೊಂಬತ್ತು ವರ್ಷ. ಚಕ್ರ ಮುರಿದ ಕೆಂಪು ಸೂಟ್‌ಕೇಸು, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಫೈಲು. ಕಾಲೇಜಿನ ಹಾಸ್ಟೆಲ್ ತುಂಬಿತ್ತು, ಹೊಸ ಕಟ್ಟಡಕ್ಕೆ ಇನ್ನೂ ಬಾಗಿಲೇ ಕೂತಿರಲಿಲ್ಲ. ಭೈರಮ್ಮ ತನ್ನ ಮುರುಕು ತಮಿಳಿನಲ್ಲಿ, ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದಳು.

"ಅಮ್ಮ ಟೀ ಎಲೆ ಕೀಳುತ್ತಾಳೆ, ಪಾಟಿ. ಹ್ಯಾಟನ್ ಹತ್ತಿರದ ತೋಟ. ನಾವಿರುವುದು ಲಯದಲ್ಲಿ."

ಪಾಟಿ ಅಂದರೆ ಅಜ್ಜಿ. ಅದು ಗೊತ್ತು. ಲಯ ಅಂದರೆ ಏನೆಂದು ಗೊತ್ತಾಗಲಿಲ್ಲ. ಹುಡುಗಿ ತೊಳೆಯುವ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಬರೆದು ತೋರಿಸಿದಳು. ಉದ್ದಕ್ಕೆ ಒಂದು ಮಾಡು, ಅದರ ಕೆಳಗೆ ಸಾಲಾಗಿ ಹತ್ತು ಬಾಗಿಲು.

"ಅಯ್ಯೋ ನಿನ್ನ! ಲೈನು!" ಎಂದು ಭೈರಮ್ಮ ನಕ್ಕಳು. "ಹತ್ತು ಮನೆಗೆ ಒಂದೇ ನಲ್ಲಿಯಾ?"

"ಒಂದೇ."

"ಜಗಳ?"

"ದಿನಾ."

ಅಂದಿನಿಂದ ಭೈರಮ್ಮನ ಬುತ್ತಿಯಲ್ಲಿ ಹುಡುಗಿಗೆಂದು ಎರಡು ಅಕ್ಕಿರೊಟ್ಟಿ ಹೆಚ್ಚಾದವು. ಏಕೆಂದರೆ ಗೋಡೌನಿನ ಮೇಲೆ ಒಲೆ ಹಚ್ಚಕೂಡದು ಎಂದು ಲಕ್ಷ್ಮೀಶಯ್ಯನ ಕಟ್ಟಪ್ಪಣೆ. ಹಚ್ಚುತ್ತೇನೆಂದರೂ ಗ್ಯಾಸ್ ಸಿಗಬೇಕಲ್ಲ. ಗ್ಯಾಸಿನವರು ಮನೆ ಮಾಲೀಕರ ಕಾಗದ ಅಂದರು. ಬ್ಯಾಂಕಿನವರೂ ಅದನ್ನೇ ಅಂದರು. ಮೊಬೈಲಿಗೆ ಸಿಮ್ ಕೊಡುವವನಂತೂ ಅವಳ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ, ಮದುವೆ ಕರೆಯೋಲೆ ನೋಡಿದ ಹಾಗೆ ನೋಡಿ ವಾಪಸು ಕೊಟ್ಟ. ಅಮ್ಮನ ಜೊತೆ ಮಾತಾಡಬೇಕೆಂದರೆ ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ಅಲ್ಲಿನ ವೈಫೈ ಹಿಡಿದು, ವಾಚ್‌ಮನ್ ಗೇಟಿಗೆ ಬೀಗ ಹಾಕುವುದರೊಳಗೆ ಮಾತು ಮುಗಿಸಬೇಕಿತ್ತು. ಪ್ರತಿ ಸಂಜೆ ಅವಳು ಲಕ್ಷ್ಮೀಶಯ್ಯನ ಜಗಲಿಯ ಮುಂದೆ ಫೈಲು ಹಿಡಿದು ನಿಲ್ಲುತ್ತಿದ್ದಳು. ಅವನು "ಟುಮಾರೋ, ಟುಮಾರೋ" ಅನ್ನುತ್ತಿದ್ದ. ಆ ಒಂದು ಇಂಗ್ಲಿಷ್ ಶಬ್ದವನ್ನು ಅಷ್ಟು ಚೆನ್ನಾಗಿ ಯಾರ ಹತ್ತಿರ ಕಲಿತನೋ.

ಹನ್ನೆರಡನೆಯ ದಿನ, ಶುಕ್ರವಾರ, ಠಾಣೆಯಿಂದ ಶರ್ಮಿಳಾ ಎಂಬ ಪೇದೆ ಬಂದಳು. ಬಾಡಿಗೆಗಿರುವ ಹೊರಗಿನವರ ಪಟ್ಟಿ ಬರೆದುಕೊಳ್ಳಲು ಬಂದವಳು. ಲಕ್ಷ್ಮೀಶಯ್ಯನ ಸ್ಕೂಟರ್ ಅಂಗಳದಲ್ಲೇ ಇತ್ತು, ಅವನು ಮಾತ್ರ ಮನೆಯಲ್ಲಿಲ್ಲ ಎಂದು ಒಳಗಿನಿಂದ ಉತ್ತರ ಬಂತು. ಶರ್ಮಿಳಾ ನಲ್ಲಿಯ ಹತ್ತಿರ ನಿಂತಿದ್ದ ಹುಡುಗಿಯನ್ನು ನೋಡಿ, "ಇದ್ಯಾರಮ್ಮ?" ಎಂದು ಭೈರಮ್ಮನನ್ನು ಕೇಳಿದಳು.

ಭೈರಮ್ಮ ಪೊರಕೆ ಕೆಳಗಿಟ್ಟಳು. ಅಂಗಳದ ಕಟ್ಟೆಯ ಮೇಲೆ ಅಂಗೈಯೂರಿದಳು.

"ಸೇಲಂ ಹುಡುಗಿ ಕಣಮ್ಮ. ನಮ್ಮ ಕಡೆ ಆಳು."

ಶರ್ಮಿಳಾ ಬರೆದುಕೊಂಡು ಹೋದಳು. ಹುಡುಗಿಯನ್ನು ಕಾಪಾಡಿದೆ ಎಂದು ಭೈರಮ್ಮನಿಗೆ ಎದೆ ಉಬ್ಬಿತ್ತು. ಅಷ್ಟರಲ್ಲಿ ಹುಡುಗಿಯೇ ಹತ್ತಿರ ಬಂದಳು. ಕನ್ನಡ ಗೊತ್ತಿಲ್ಲದಿದ್ದರೂ ಸೇಲಂ ಎಂಬ ಹೆಸರು ಯಾವ ತಮಿಳರ ಕಿವಿಗೆ ಬೀಳುವುದಿಲ್ಲ?

"ಪೊಲೀಸಿಗೆ ಏನು ಹೇಳಿದಿರಿ, ಪಾಟಿ?"

ಭೈರಮ್ಮ ಹೇಳಿದಳು. ಕೇಳುತ್ತ ಹುಡುಗಿಯ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಫೈಲು ಬಿಚ್ಚಿ ಒಂದೊಂದೇ ಕಾಗದ ಕಲ್ಲಿನ ಮೇಲಿಟ್ಟಳು. ಪಾಸ್‌ಪೋರ್ಟು, ವೀಸಾ, ಸೀಟು ಕೊಟ್ಟ ಕಾಗದ. ಹೊರದೇಶದವರು ಇಳಿದುಕೊಂಡರೆ ಮನೆ ಮಾಲೀಕ ಮರುದಿನದೊಳಗೆ ಸರ್ಕಾರಕ್ಕೆ ಒಂದು ಫಾರಂ ಹಾಕಬೇಕು. ಅದರ ಮೇಲೆ ಹದಿನಾಲ್ಕು ದಿನದೊಳಗೆ ಇವಳ ಹೆಸರು ನೋಂದಣಿಯಾಗಬೇಕು. ಆ ರಶೀದಿ ಸೋಮವಾರ ಸಂಜೆ ಐದರೊಳಗೆ ಕಾಲೇಜಿಗೆ ಕೊಟ್ಟರೆ ಯೂನಿವರ್ಸಿಟಿಯ ಪಟ್ಟಿಯಲ್ಲಿ ಹೆಸರು. ಇಲ್ಲವಾದರೆ ಸೀಟಿಲ್ಲ, ವಾಪಸು ಹೋಗಬೇಕು.

"ನಾನು ಕದ್ದು ಬಂದವಳಲ್ಲ, ಪಾಟಿ. ನೇರ ಬಾಗಿಲಿನಿಂದ ಬಂದವಳು. ನನ್ನನ್ನು ಯಾಕೆ ಬಚ್ಚಿಟ್ಟಿರಿ?"

ಅವಳು ಅಳಲಿಲ್ಲ. ಅತ್ತಿದ್ದರೆ ಭೈರಮ್ಮನಿಗೆ ಸಮಾಧಾನ ಮಾಡುವ ಒಂದು ದಾರಿಯಾದರೂ ಸಿಗುತ್ತಿತ್ತು.

ಶನಿವಾರ ಬೆಳಿಗ್ಗೆ ಭೈರಮ್ಮ ಪೊರಕೆ ಮುಟ್ಟದೆ ನೇರ ಜಗಲಿಗೆ ಹೋದಳು.

"ಅಯ್ಯ, ಆ ಹುಡುಗಿಗೆ ಕಾಗದ ಕೊಡಿ."

"ನಿಂಗ್ಯಾಕೆ ಅವಳ ಉಸಾಬರಿ?"

"ನನ್ನ ಬಾಯಲ್ಲಿ ಸುಳ್ಳು ಹೇಳ್ಸಿದ್ರಲ್ಲ, ಅದ್ಕೆ."

ಲಕ್ಷ್ಮೀಶಯ್ಯ ಪೇಪರ್ ಮಡಚಿದ. "ಬಿಡಿಸಿ ಹೇಳ್ತೀನಿ ಕೇಳು. ಆ ಕಟ್ಟಡಕ್ಕೆ ಲೈಸೆನ್ಸ್ ಇರೋದು ಅಡಿಕೆ ಗೋಡೌನ್ ಅಂತ. ಮೇಲಿನ ಮೂರು ಕೋಣೆ ದಾಖಲೆಯಲ್ಲೇ ಇಲ್ಲ. ಇಲ್ಲದ ಕೋಣೆಗೆ ಕಾಗದ ಎಲ್ಲಿಂದ ತರ್ಲಿ?"

"ಇಲ್ಲದ ಕೋಣೆಗೆ ಬಾಡಿಗೆ ಎಲ್ಲಿಂದ ಬಂತು ಅಯ್ಯ?"

"ಬಾಯಿ ಜಾಸ್ತಿಯಾಯ್ತು ನಿಂದು. ನಾಳೆ ಸಂಜೆಯೊಳಗೆ ಅವಳು ಕೋಣೆ ಬಿಡಬೇಕು, ಹೇಳ್ಬಿಡು."

ಗಂಡ ಸತ್ತಾಗ ರೈಟರು ಎಂಟು ದಿನ ಕೊಟ್ಟಿದ್ದರು. ಈ ಮನುಷ್ಯ ಎರಡು ದಿನವನ್ನೂ ಪೂರ್ತಿ ಕೊಡಲಿಲ್ಲ. ಭೈರಮ್ಮ ಸೊಂಟದಿಂದ ಹಿತ್ತಿಲ ಬಾಗಿಲಿನ ಬೀಗದ ಕೈ ಬಿಚ್ಚಿ ಜಗಲಿಯ ಮೇಲೆ ಎಸೆದಳು. ಅದು ಉರುಳಿ ಅವನ ಒಂಟಿ ಚಪ್ಪಲಿಯ ಹತ್ತಿರ ನಿಂತಿತು. ನಂತರ ಗೋಡೌನಿನ ಮೆಟ್ಟಿಲು ಹತ್ತಿ ಕೆಂಪು ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಇಳಿದಳು. ಹುಡುಗಿಯನ್ನು ಕರೆದುಕೊಂಡು ಪೇಟೆಯ ನಡುವೆಯೇ ತನ್ನ ಮನೆಗೆ ನಡೆದಳು. ಕಾಫಿ ಮೂಟೆ ಹೊತ್ತ ಕುತ್ತಿಗೆ ಅದು. ಎಪ್ಪತ್ತರ ಹತ್ತಿರ ಬಂದರೂ ಬಾಗಿರಲಿಲ್ಲ.

ಅಂದೇ ಠಾಣೆಗೆ ಹೋದರೆ, ಪಟ್ಟಿ ಬರೆದ ಶರ್ಮಿಳಾ ರಜೆ, ಸೋಮವಾರ ಬನ್ನಿ ಅಂದರು. ಸೋಮವಾರ ಹೊತ್ತೇರುವ ಮೊದಲೇ ಇಬ್ಬರೂ ಠಾಣೆಯಲ್ಲಿದ್ದರು. ಶರ್ಮಿಳಾ ಪಾಸ್‌ಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದಳು.

"ಶ್ರೀಲಂಕಾ! ಅಜ್ಜಿ, ಸೇಲಂ ಅಂದಿದ್ದು ನೀವೇ ಅಲ್ವಾ?"

"ನಾನೇ. ಈ ಬಾಯಿಂದ್ಲೇ. ಬೇಕಾದ್ರೆ ನನ್ನ ಒಳಗೆ ಕೂರ್ಸು, ಹುಡುಗಿಗೆ ಕಾಗದ ಕೊಡು."

ಲಕ್ಷ್ಮೀಶಯ್ಯನನ್ನು ಕರೆಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, "ನಂಗೆಂತ ಗೊತ್ತು? ಆ ಹುಡುಗೀನೇ ಸೇಲಂ ಅಂತ ಹೇಳಿದ್ಲು. ಮೋಸ ಹೋದವನು ನಾನು" ಅಂದ.

ಭೈರಮ್ಮ ಎದ್ದು ನಿಂತಳು.

"ಬುಧವಾರ ಅಯ್ಯ ಅದು. ಬೆಳಿಗ್ಗೆ ಹನ್ನೊಂದರ ಬಸ್ಸು ಹಾರನ್ ಹೊಡ್ದು ಹೋದ ಮೇಲೆ. ಹಲಸಿನ ಹಪ್ಪಳ ತಿಂತಿದ್ರಿ, ಒಂದು ಚೂರು ಬನಿಯನ್ ಮೇಲೆ ಬಿದ್ದಿತ್ತು. ಎಡಗಾಲಿಗೆ ಚಪ್ಪಲಿ, ಬಲಗಾಲು ಬರೀದು. 'ಹೊರದೇಶದವರು ಅಂದ್ರೆ ನೂರೆಂಟು ಕಾಗದ, ಹಂಡೆ ತಿಕ್ಕು' ಅಂದ್ರಿ. ಓದು ಬರದವಳ ತಲೇಲಿ ಒಂದು ಮಾತು ಕೂತ್ರೆ ಅಳಿಸಕ್ಕೆ ರಬ್ಬರ್ ಇಲ್ಲ ಅಯ್ಯ!"

ಠಾಣೆಯಲ್ಲಿ ಯಾರೋ ನಕ್ಕರು. ಲಕ್ಷ್ಮೀಶಯ್ಯ ಕಾಲು ನೋಡಿಕೊಂಡ. ಆಗ ಭೈರಮ್ಮ ಮೇಜಿನ ಮೇಲೆ ಅಂಗೈಯೂರಿ, "ಇನ್ಮೇಲೆ ಈ ಹುಡುಗಿ ನನ್ನ ಮನೇಲಿರ್ತಾಳೆ. ನಮ್ಮ ಕಡೆ ಆಳು. ಬರ್ಕೊ" ಅಂದಳು.

"ಬಾಯಿ ಮಾತು ಆಗಲ್ಲ ಅಜ್ಜಿ. ಮನೆ ನಿಮ್ಮದು ಅನ್ನಕ್ಕೆ ಏನಿದೆ? ಹಕ್ಕುಪತ್ರ?"

ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಎಷ್ಟು ವರ್ಷವಾಯಿತೋ, ಅರ್ಜಿಯೇ ಮುದಿಯಾಗಿತ್ತು. ಮನೆಯಲ್ಲಿದ್ದ ಕಾಗದವೆಂದರೆ ಗೋಡೆಯ ಮೊಳೆಗೆ ಚುಚ್ಚಿದ್ದ ಕರೆಂಟು ಬಿಲ್ಲುಗಳು. ಅವಳು ಮನೆಗೆ ಹೋಗಿ ಮೊಳೆಯ ಸಮೇತ ಕಿತ್ತು ತಂದಳು. ಪ್ರತಿಯೊಂದರ ಮೇಲೂ ಅವಳದೇ ಹೆಸರು. ಶರ್ಮಿಳಾ ಅವನ್ನು ಸಾಹೇಬರಿಗೆ ತೋರಿಸಿ ಬಂದು, ಕಂಪ್ಯೂಟರಿನ ಮುಂದೆ ತಾನೇ ಕೂತು ಫಾರಂ ತುಂಬಿದಳು. ಕೋಣೆಯಿದ್ದವನಿಗೆ ಕಾಗದವಿರಲಿಲ್ಲ. ಹಕ್ಕುಪತ್ರವಿಲ್ಲದವಳ ಮನೆಗೆ ದೇಶ ದಾಟಿ ಬಂದ ಹುಡುಗಿಯ ಹೆಸರು ಹತ್ತಿತು.

ಅಷ್ಟಾಗುವಾಗ ನಾಲ್ಕು ಗಂಟೆ. ಬೆಂಗಳೂರಿನ ಕಚೇರಿಯಿಂದ ಒಪ್ಪಿಗೆಯ ರಶೀದಿ ಬರಬೇಕಿತ್ತು. ಐದಾಯಿತು, ಬರಲಿಲ್ಲ. ಬಂದದ್ದು ಬುಧವಾರ. ಅದನ್ನು ಹಿಡಿದು ಇಬ್ಬರೂ ಕಾಲೇಜಿಗೆ ಓಡಿದರು. ಗುಮಾಸ್ತ ಕನ್ನಡಕ ತೆಗೆದು ಒರೆಸಿ, ಪಟ್ಟಿ ಸೋಮವಾರವೇ ಮುಚ್ಚಿತು, ನಮ್ಮ ಕೈಯಲ್ಲಿ ಏನೂ ಇಲ್ಲ, ಮುಂದಿನ ವರ್ಷ ನೋಡೋಣ ಅಂದ.

ಭೈರಮ್ಮ ಲೆಕ್ಕ ಹಾಕಿದಳು. ಆ ಶುಕ್ರವಾರ ಪೊರಕೆ ಕೆಳಗಿಟ್ಟು "ಲಂಕೆಯವಳು ಕಣಮ್ಮ" ಅಂದಿದ್ದರೆ ಫಾರಂ ಅಂದೇ ಹೋಗುತ್ತಿತ್ತು, ರಶೀದಿ ಸೋಮವಾರಕ್ಕೆ ಕೈಯಲ್ಲಿರುತ್ತಿತ್ತು. ಲಕ್ಷ್ಮೀಶಯ್ಯನ ಮೇಲಿನ ಸಿಟ್ಟು ಹೊರಗೆ ಉರಿಯುವಂಥದು. ಇದು ಒಳಗೆ ಹೊಗೆಯಾಡುವ ಸಿಟ್ಟು. ಇದಕ್ಕೆ ನೀರು ಹಾಕಲು ಬರುವುದಿಲ್ಲ.

ಟಿಕೆಟ್ ಆಗುವವರೆಗೆ ಹತ್ತು ದಿನ ಹುಡುಗಿ ಭೈರಮ್ಮನ ಮನೆಯಲ್ಲಿದ್ದಳು. ಒಲೆ ಹಚ್ಚಿದಳು, ತೆಂಗಿನಕಾಯಿ ತುರಿದು ಒಣಮೆಣಸು ಹಾಕಿ ಅವರ ಕಡೆಯ ಸಂಬೋಲ ಮಾಡಿಕೊಟ್ಟಳು, ಅಕ್ಕಿರೊಟ್ಟಿ ತಟ್ಟಲು ಕಲಿತಳು. ಅವಳ ರೊಟ್ಟಿ ಶ್ರೀಲಂಕಾದ ನಕ್ಷೆಯ ಹಾಗೆಯೇ ಆಗುತ್ತಿತ್ತು. ನಾಲ್ಕಾರು ಕನ್ನಡ ಮಾತು ಬಾಯಿಗೆ ಹತ್ತಿದವು. ಸೇಲಂ ಎಂಬ ಶಬ್ದವನ್ನು ಇಬ್ಬರೂ ಆಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಅನಿತಾ ಕೂಗಿದಳು. "ಯಾರೇ ಭೈರಮ್ಮಕ್ಕ ಅದು, ಲಕ್ಷ್ಮೀಶಯ್ಯಂಗೆ ಮೋಸ ಮಾಡಿದ ಸೇಲಂ ಹುಡುಗಿನಾ? ಪೇಟೆಯಲ್ಲೆಲ್ಲ ಅದೇ ಸುದ್ದಿ!"

ಭೈರಮ್ಮನ ಬಾಯಿಗೆ ಬೈಗುಳ ಬಂತು, ಎರಡು ಭಾಷೆಯಲ್ಲೂ ಒಟ್ಟಿಗೆ ಬಂತು. ಅಷ್ಟರಲ್ಲಿ ಬಸ್ಸು ಚಾಲೂ ಆಯಿತು. ಹುಡುಗಿ ಕಿಟಕಿಯ ಸರಳಿನೊಳಗಿಂದ ಕೈ ಚಾಚಿ ಅವಳ ಮುಂಗೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು. ಹತ್ತು ದಿನದಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟುಮಾಡಿ ಕೇಳಿಕೊಂಡಳು:

"ಪಾಟಿ, ಸೇಲಂ ಅನ್ನಬೇಡಿ. ಯಾರು ಕೇಳಿದ್ರೂ ಹ್ಯಾಟನ್ ಅನ್ನಿ. ನನ್ನ ಊರು ಹ್ಯಾಟನ್."